ಕಾಪುವಿನಿಂದ ಕಾರ್ಕಳಕ್ಕೆ, ಕಿವಿಗೊಟ್ಟು

ಕಾಪುವಿನ ಕಡಲ ಬದಿಯಲ್ಲಿ ರಾತ್ರಿಯಿಡೀ ನಿಂತ ಕಾರು ಬೆಳಿಗ್ಗೆ ಕೀಲಿ ತಿರುವಿದೊಡನೆ ‘ಕೀಂಯ್’ ಎಂದು ಕೂಗುತ್ತದೆ. 1901ರಿಂದ ಬಂಡೆಯ ಮೇಲೆ ನಿಂತಿರುವ ದೀಪಸ್ತಂಭದ ಕಡೆಯಿಂದ ಬೀಸುವ ಗಾಳಿಯಲ್ಲಿ ಉಪ್ಪೂ ಇದೆ, ತೇವವೂ ಇದೆ. ಮಳೆಗಾಲದಲ್ಲಿ ಈ ಕೂಗು ಇಲ್ಲಿನ ಚಾಲಕರಿಗೆ ಕೋಳಿ ಕೂಗಿದಷ್ಟೇ ಮಾಮೂಲು. ಒದ್ದೆಯಾದ ಬೆಲ್ಟು ರಾಟೆಯ ಮೇಲೆ ಜಾರುವ ಸದ್ದದು. ಎರಡು ನಿಮಿಷದಲ್ಲಿ ಅಡಗಿದರೆ ಚಿಂತೆಯಿಲ್ಲ. ಅಡಗದಿದ್ದರೆ ಬೆಲ್ಟು ಸಡಿಲಾಗಿದೆ, ಇಲ್ಲವೇ ಸವೆದಿದೆ. ಅನೇಕ ಕಾರುಗಳಲ್ಲಿ ಇಂಜಿನ್ನಿಗೆ ತಂಪು ನೀರು ಹಾಯಿಸುವ ಪಂಪೂ ಅದೇ ಬೆಲ್ಟಿನಿಂದ ತಿರುಗುವುದರಿಂದ ಉದಾಸೀನ ಸಲ್ಲದು.

ಉಡುಪಿಯವರೆಗೆ ಹೆದ್ದಾರಿ ಬಹುಮಟ್ಟಿಗೆ ಸಮತಟ್ಟು. ದಾರಿಯಲ್ಲಿ ‘ಗುಂಯ್’ ಎಂಬ ಸದ್ದು ಕೇಳಿದರೆ ಬದಿಗೆ ನಿಲ್ಲಿಸಿ, ನ್ಯೂಟ್ರಲ್‌ನಲ್ಲಿಟ್ಟು ಆಕ್ಸಿಲರೇಟರ್ ಒತ್ತಿ ನೋಡಬೇಕು. ಸದ್ದು ಇಂಜಿನ್ನಿನ ಜೊತೆಗೇ ಏರಿದರೆ ದೋಷ ಬಾನೆಟ್ಟಿನ ಕೆಳಗೆ. ನಿಂತಾಗ ಸದ್ದೇ ಇಲ್ಲವೆಂದರೆ ಚಕ್ರದ ಬೇರಿಂಗನ್ನು ಅನುಮಾನಿಸಬಹುದು. ಕ್ಲಚ್ ಒತ್ತಿದಾಗ ಮಾತ್ರ ಕಿರುಗುಟ್ಟಿದರೆ ಕ್ಲಚ್ಚಿನ ಬೇರಿಂಗೇ ಅಪರಾಧಿ. ರಥಬೀದಿಯಲ್ಲಿ ತೇರು ಕಿರುಗುಟ್ಟಿದರೆ ಭಕ್ತಿ, ಕಾರು ಕಿರುಗುಟ್ಟಿದರೆ ಖರ್ಚು!

ಇಂದ್ರಾಳಿ ದಾಟಿ ಮಣಿಪಾಲದತ್ತ ಏರುವಾಗ ಇಂಜಿನ್ ತನ್ನ ಗುಟ್ಟು ಬಿಡುತ್ತದೆ. ಐದು ಮಂದಿ ಕೂತ ಪೆಟ್ರೋಲ್ ಕಾರು ಮೇಲಿನ ಗೇರಿನಲ್ಲೇ ಏದುಸಿರು ಬಿಟ್ಟರೆ ಬಾಣಲೆಯಲ್ಲಿ ಕಡಲೆ ಸಿಡಿದಂತೆ ಪಟಪಟ ಕೇಳಿಸುತ್ತದೆ. ಇಂಧನ ಹೊತ್ತಬೇಕಾದ ಕ್ಷಣಕ್ಕೆ ಹೊತ್ತದೆ ತಾನೇ ಸಿಡಿಯುವುದರಿಂದ ಹೀಗಾಗುತ್ತದೆ. ಗೇರು ಇಳಿಸಿದರೆ ಸಾಮಾನ್ಯವಾಗಿ ನಿಲ್ಲುತ್ತದೆ. ಈಗಿನ ಹಲವು ಕಾರುಗಳಲ್ಲಿ ಇಂಜಿನ್ನಿಗೇ ಅಂಟಿಸಿದ ಸಂವೇದಕವೊಂದು ಈ ಸಿಡಿತವನ್ನು ಆಲಿಸಿ, ಕಿಡಿ ಹಾರುವ ಸಮಯವನ್ನು ತಾನೇ ಹಿಂದೆ ಸರಿಸುತ್ತದೆ.

1953ರಲ್ಲಿ ಮೆಡಿಕಲ್ ಕಾಲೇಜು ಕಂಡ ಮಣಿಪಾಲದಲ್ಲಿ ಸ್ಟೆತಸ್ಕೋಪು ಹೊಸತಲ್ಲ. ಗ್ಯಾರೇಜಿನವರದೂ ಅದೇ ವಿದ್ಯೆ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೂ ಹಿಡಿಯನ್ನು ಕಿವಿಯ ಬುಡಕ್ಕೂ ಒತ್ತಿ, ತಿರುಗುವ ಫ್ಯಾನಿಗೆ ತಲೆ ತಾಗದಂತೆ ಆಲಿಸಬೇಕು. ಮೇಲ್ಗಡೆ ಹೊಲಿಗೆ ಯಂತ್ರದಂತೆ ಟಿಕಟಿಕ ಎಂದರೆ ಟ್ಯಾಪೆಟ್. ಅದಕ್ಕೆ ಹೊಂದಾಣಿಕೆ ಸಾಕಾಗಬಹುದು. ಕೆಳಗಡೆ, ಎಣ್ಣೆ ತುಂಬಿದ ತಟ್ಟೆಯ ಹತ್ತಿರ, ಒನಕೆ ಕುಟ್ಟಿದಂತೆ ದಪ್ಪ ಸದ್ದು ಬಂದರೆ ಮಾತ್ರ ಮೆಕ್ಯಾನಿಕ್ಕಿನ ಮುಖ ಗಂಭೀರವಾಗುತ್ತದೆ. ಮಾರುತಿ 800ರಂಥ ಹಳೆಯ ಮೂರು ಸಿಲಿಂಡರಿನ ಗಾಡಿಯಾದರೆ ಒಂದೊಂದೇ ಪ್ಲಗ್ಗಿನ ತಂತಿ ಕಳಚಿ ನೋಡುತ್ತಾರೆ. ಯಾವುದನ್ನು ಕಳಚಿದಾಗ ಕುಟ್ಟಾಟ ತಗ್ಗುತ್ತದೋ ಆ ಸಿಲಿಂಡರಿನ ಕನೆಕ್ಟಿಂಗ್ ರಾಡ್ ಬೇರಿಂಗ್ ಸವೆದಿರುವ ಸಂಭವ ಹೆಚ್ಚು.

ಪರ್ಕಳ ದಾಟಿದರೆ ಮುಂದೆ ಹಿರಿಯಡಕ, ಮದ್ದಳೆಗಾರ ಗೋಪಾಲ ರಾಯರ ಹೆಸರಿನೊಂದಿಗೆ ಬೆಸೆದ ಊರು. ಮದ್ದಳೆಯ ಶ್ರುತಿ ಕೂದಲೆಳೆಯಷ್ಟು ಇಳಿದರೂ ಗುರುತಿಸುವ ಕಿವಿಗಳಿರುವ ಸೀಮೆಯಲ್ಲಿ ಕಾರಿನ ಅಪಸ್ವರ ಕೇಳಿಸದೆಂದರೆ ನಂಬುವುದು ಕಷ್ಟ. ಕೇಳಿಸುತ್ತದೆ, ಆದರೆ ಹಾಡಿನ ಸದ್ದು ಏರಿಸಿ ಮುಚ್ಚಿಹಾಕುವವರೇ ಹೆಚ್ಚು!

ಬೈಲೂರು ಹಾದು ಕಾರ್ಕಳಕ್ಕೆ ಹೋಗುವ ಬಾಡಿಗೆ ಕಾರೊಂದರಲ್ಲಿ ಆ ಒನಕೆ ಸದ್ದು ಎದ್ದು, ಜೊತೆಗೆ ಎಣ್ಣೆಯ ಕೆಂಪು ದೀಪವೂ ಹೊತ್ತಿತೆನ್ನಿ. ಹಿಂದಿನ ಸೀಟಿನವರಿಗೆ 1432ರ ಗೊಮ್ಮಟನನ್ನು ಬಿಸಿಲೇರುವ ಮೊದಲೇ ನೋಡುವ ಆತುರ. ನಾಲ್ಕು ಮೈಲಿ ತಾನೇ ಎಂದು ಓಡಿಸಿದರೆ, ಎಣ್ಣೆಯಿಲ್ಲದೆ ಲೋಹಕ್ಕೆ ಲೋಹ ತಿಕ್ಕಿ ಕ್ರ್ಯಾಂಕ್ ಶಾಫ್ಟ್ ಗೀರುತ್ತದೆ. ಹೊಸ ಬೇರಿಂಗಿನಲ್ಲಿ ಮುಗಿಯಬಹುದಾದ ಕೆಲಸ ಇಡೀ ಇಂಜಿನ್ ಬಿಚ್ಚುವವರೆಗೆ ಹೋಗುತ್ತದೆ. ಬಾಡಿಗೆ ಗಾಡಿಯವನಿಗೆ ಅದು ಹಲವು ವಾರಗಳ ಅನ್ನ. ಅನುಭವಿಯಾದವನು ಅಲ್ಲೇ ಕೀಲಿ ತಿರುವಿ, ಗಾಡಿಯನ್ನು ಹಲಸಿನ ಮರದ ನೆರಳಿಗೆ ತಳ್ಳಿ, ಯಾತ್ರಿಕರನ್ನು ಕಾರ್ಕಳದ ಬಸ್ಸಿಗೆ ಹತ್ತಿಸಿ, ಎಳೆದೊಯ್ಯುವ ಹಗ್ಗಕ್ಕಾಗಿ ಕಾಯುತ್ತಾನೆ.