ಅಪ್, ಆಫ್, ಔಟ್: ನರಸಾಪುರದ ದಿನಚರಿ

ಜೂನ್ 3, 2025, ಮಂಗಳವಾರ, ರಾತ್ರಿ 9:30

ನನ್ನ ಸಂಜೆಯ ಇಂಗ್ಲಿಷ್ ತರಗತಿಗೆ ಹೊಸ ಮಕ್ಕಳು ಬಂದರು. ಪಿಯುಸಿ, ಐಟಿಐ ಮುಗಿಸಿದವರು. ಎಲ್ಲರ ಕಣ್ಣೂ ನಮ್ಮ ಕೋಲಾರ ಜಿಲ್ಲೆಯ ಈ ಕೈಗಾರಿಕಾ ಪ್ರದೇಶದ ಮೇಲೆ. 2013ರಲ್ಲಿ ಹೋಂಡಾ ಬಂತು, ಆಮೇಲೆ ಐಫೋನ್ ಕಾರ್ಖಾನೆ. ಅದು ವಿಸ್ಟ್ರಾನ್‌ನಿಂದ ಟಾಟಾದವರಿಗೆ ಹೋದ ಕಥೆ ನನಗಿಂತ ಇವರಿಗೇ ಚೆನ್ನಾಗಿ ಗೊತ್ತು.

ಇಂಗ್ಲಿಷ್ ಯಾಕೆ ಬೇಕು ಅಂತ ಕೇಳಿದೆ. ಬೆಳ್ಳೂರಿನ ಹುಡುಗಿ ಎದ್ದು ನಿಂತಳು. "ಲೈನಲ್ಲಿ ಸೂಪರ್‌ವೈಸರ್ ಹೇಳಿದ್ದು ಅರ್ಥ ಆಗಕ್ಕೆ, ಮಿಸ್ಸು."

ಮಾತಾಡಕ್ಕೆ ಅನ್ನಲಿಲ್ಲ. ಯಾರೂ ಅನ್ನಲಿಲ್ಲ. ಮನಸ್ಸಿಗೆ ಬೇಜಾರಾಯಿತು.

ಜೂನ್ 4, ಬುಧವಾರ

ಅದೇ ಹುಡುಗಿ ತರಗತಿ ಮುಗಿದ ಮೇಲೆ ಉಳಿದಳು. ಹಿಂದೆ ಯಾವುದೋ ಕಡೆ ಸ್ವಲ್ಪ ದಿನ ಕೆಲಸಕ್ಕೆ ಹೋಗಿದ್ದಳಂತೆ. ಅಲ್ಲಿ ಒಬ್ಬರು ಸ್ವಲ್ಪ ತಡಿ ಅನ್ನುವ ಅರ್ಥದಲ್ಲಿ "ಹೋಲ್ಡ್ ಆನ್" ಅಂದರು. ಇವಳು ಕೈಲಿದ್ದ ಟ್ರೇಯನ್ನು ಇನ್ನೂ ಬಿಗಿಯಾಗಿ ಹಿಡಿದು ನಿಂತಳು. ಸುತ್ತ ಇದ್ದವರು ನಕ್ಕರು.

"ಎರಡು ಪದಾನೂ ಗೊತ್ತಿತ್ತು ಮಿಸ್ಸು. ಒಟ್ಟಿಗೆ ಸೇರಿದ್ಮೇಲೆ ಗೊತ್ತಾಗ್ಲಿಲ್ಲ."

ಹೇಳುವಾಗ ಅವಳ ಗಂಟಲು ಕಟ್ಟಿತ್ತು. ಒಂದನೇ ತರಗತಿಯಿಂದ ಇಂಗ್ಲಿಷ್ ಓದಿದವಳು ಅವಳು. 2007ರಿಂದ ಸರ್ಕಾರಿ ಕನ್ನಡ ಶಾಲೆಗಳಲ್ಲಿ ಆ ಪಾಠ ಒಂದನೇ ತರಗತಿಗೇ ಬಂದಿದೆ. ಅಷ್ಟು ವರ್ಷ ಓದಿಯೂ ಇಲ್ಲಿ ಎಡವಿದರೆ ತಪ್ಪು ಮಗುವಿನದೇ?

ರಾತ್ರಿ 11

ನಿದ್ದೆ ಇಲ್ಲ. ಸ್ಯಾಮ್ಯುಯಲ್ ಜಾನ್ಸನ್ ನೆನಪಾದರು. 1755ರಲ್ಲಿ ತಮ್ಮ ನಿಘಂಟಿನ ಮುನ್ನುಡಿಯಲ್ಲೇ ಅವರು ಇದನ್ನು ಗುರುತಿಸಿದ್ದರು: ಕ್ರಿಯಾಪದದ ಜೊತೆ ಒಂದು ಪುಟ್ಟ ಪದ ಸೇರಿ ಅರ್ಥವೇ ಬದಲಾಗುವ ಕಡೆ ಹೊರಗಿನವರಿಗೆ ಬಹಳ ಕಷ್ಟ ಅಂತ. 'ಫ್ರೇಸಲ್ ವರ್ಬ್' ಎಂಬ ಹೆಸರು ಅಚ್ಚಿಗೆ ಬಂದದ್ದು 1925ರಲ್ಲಿ, ಲೋಗನ್ ಪಿಯರ್ಸಲ್ ಸ್ಮಿತ್ ಪುಸ್ತಕದಲ್ಲಿ. ಆ ಕಷ್ಟ ಹಳೆಯದು. ನಾಳೆ ಅವಳಿಗೆ ಹೇಳಬೇಕು.

ಜೂನ್ 7, ಶನಿವಾರ

ಹೈವೇ ಪಕ್ಕ ಬಸ್ಸಿಗೆ ಕಾಯುತ್ತಾ ಕಿವಿಗೆ ಬಿದ್ದದ್ದು:

"ಪಿಕಪ್ ಎಷ್ಟೊತ್ತಿಗೆ?"
"ಬೈಕ್‌ಗೆ ಪಿಕಪ್ಪೇ ಇಲ್ಲ ಕಣೋ."
"ಪೇಪರ್ ಔಟ್ ಆಗಿತ್ತಂತೆ."
"ಫೋನ್ ಆಫ್ ಆಗೋಯ್ತು."
"ಲೈಟ್ ಆಫ್ ಮಾಡ್ದೆ ಬಂದ್ಬಿಟ್ಟೆ."

ಪಿಕಪ್ ಇಡಿಯಾಗಿ ಬಂದಿದೆ. ಉಳಿದವುಗಳಲ್ಲಿ? 'ಸ್ವಿಚ್' ಎಲ್ಲಿ ಹೋಯಿತು? ಇಂಗ್ಲಿಷಿನ ಕ್ರಿಯಾಪದವನ್ನು ಹೊರಗೆ ನಿಲ್ಲಿಸಿ, ಬಾಲವನ್ನು ಮಾತ್ರ ಒಳಗೆ ಕರೆದು, ಅದಕ್ಕೆ ನಮ್ಮ 'ಮಾಡು', 'ಆಗು' ಕಟ್ಟಿದ್ದಾರೆ. ಯಾರೂ ಹೇಳಿಕೊಟ್ಟದ್ದಲ್ಲ. ಆ ಪುಟ್ಟ ಪದದಲ್ಲೇ ಜೀವ ಇದೆ ಅಂತ ಇವರಿಗೆ ಹೇಗೋ ಗೊತ್ತಾಗಿದೆ. ಇಷ್ಟು ತಿಳಿದವರಿಗೆ ಇಂಗ್ಲಿಷ್ ಬರಲ್ಲ ಅನ್ನುವುದು ಹೇಗೆ?

ಜೂನ್ 9, ಸೋಮವಾರ

ಒಳ್ಳೆಯ ದಿನ.

ಬೋರ್ಡಿನ ಮೇಲೆ 'ಡ್ರಿಂಕ್ ಇಟ್ ಅಪ್' ಬರೆದೆ. ಅಪ್ ಅಂದರೆ ಮೇಲೆ ಅಂದರು. ಹಾಲು ಮೇಲಕ್ಕೆ ಹೋಗುತ್ತದಾ? ಸುಮ್ಮನಾದರು. 'ಕುಡಿ', 'ಕುಡಿದುಬಿಡು' ಎರಡನ್ನೂ ಪಕ್ಕದಲ್ಲಿ ಬರೆದೆ. 'ಬಿಡು' ಅಂದರೆ ಇಲ್ಲಿ ಏನನ್ನು ಬಿಡಬೇಕು? ಏನೂ ಇಲ್ಲ. ಲೋಟ ಖಾಲಿ ಮಾಡು ಅಂತಷ್ಟೇ.

ಹಿಂದಿನ ಬೆಂಚಿಂದ ಒಬ್ಬಳು, "ನಮ್ಮನೇಲಿ 'ತಾಗೇಯ್' ಅಂತಾರೆ ಮಿಸ್ಸು." ಈ ಸೀಮೆಯ ಎಷ್ಟೋ ಮನೆಗಳಲ್ಲಿ ಒಳಗೆ ತೆಲುಗು, ಹೊರಗೆ ಕನ್ನಡ. ಎರಡರಲ್ಲೂ ಇದೇ ಕೀಲು ಇದೆ. ಎಲ್ಲರೂ ಒಟ್ಟಿಗೆ ಶುರು ಮಾಡಿದರು: ಈಟ್ ಅಪ್, ತಿಂದುಬಿಡು. ಫಿನಿಶ್ ಅಪ್, ಮುಗಿಸಿಬಿಡು. ಯೂಸ್ ಅಪ್, ಖರ್ಚು ಮಾಡಿಬಿಡು. ಮುಖಗಳು ಅರಳಿದವು.

ಆಗ ಐಟಿಐ ಹುಡುಗ: "ಹಂಗಾದ್ರೆ ಲುಕ್ ಅಪ್ ಅಂದ್ರೆ ನೋಡಿಬಿಡು ಅಂತಾನಾ?"

ಅಲ್ಲ. ನಿಘಂಟಿನಲ್ಲಿ ಹುಡುಕು ಅಂತ. 'ಥ್ರೋ ಅಪ್' ಅಂದರೆ ವಾಂತಿ. 'ಬ್ರಿಂಗ್ ಅಪ್' ಅಂದರೆ ಸಾಕಿ ಬೆಳೆಸು. ಸೂತ್ರ ಅಲ್ಲಿಗೆ ನಿಂತಿತು.

ಜೂನ್ 12, ಗುರುವಾರ

'ಟು' ಪಾಠ. 'ಶಿ ಸ್ಟಾಪ್ಡ್ ಟು ಟಾಕ್', ಮಾತಾಡಕ್ಕೆ ನಿಂತಳು. 'ಶಿ ಸ್ಟಾಪ್ಡ್ ಟಾಕಿಂಗ್', ಮಾತು ನಿಲ್ಲಿಸಿದಳು. ಬೇಗ ಹಿಡಿದರು. 'ಅಕ್ಕೆ' ಬರುವ ಕಡೆ 'ಟು' ಹಾಕುವುದು ಸುಲಭ: ಕಲಿಯಕ್ಕೆ ಬಂದೆ, ಐ ಕೇಮ್ ಟು ಲರ್ನ್.

ಆದರೆ ಮುಂದೆ ಜಾರುನೆಲ. 'ಮೇಕ್ ಹಿಮ್ ವೇಟ್', 'ಲೆಟ್ ಹರ್ ಗೋ', ಇಲ್ಲಿ 'ಟು' ಇಲ್ಲವೇ ಇಲ್ಲ. ಅರ್ಜಿಗಳಲ್ಲಿ ಎಲ್ಲರೂ ಕೊನೆಗೆ ಬರೆಯುವ ಸಾಲು 'ಲುಕಿಂಗ್ ಫಾರ್ವರ್ಡ್ ಟು ಜಾಯಿನ್'. 'ಜಾಯಿನಿಂಗ್' ಆಗಬೇಕು. "ಅಲ್ಲೂ ಅದೇ ಟು ಅಲ್ವಾ ಮಿಸ್ಸು?" ಕಣ್ಣಿಗೆ ಅದೇ. ಕೆಲಸ ಬೇರೆ. ಅಲ್ಲಿ ಅದು 'ಫಾರ್ವರ್ಡ್' ಆದ ಮೇಲೆ ಬಂದ ಅವ್ಯಯ, ಅದರ ನಂತರ ನಾಮಪದ ಬರಬೇಕು, ಇಲ್ಲವೇ ನಾಮಪದದಂತೆ ನಡೆಯುವ 'ಇಂಗ್' ರೂಪ.

ಎಲ್ಲರ ಕೈಲೂ ತಿದ್ದಿ ಬರೆಸಿದೆ. ಒಂದು 'ಇಂಗ್' ಇಲ್ಲದ್ದಕ್ಕೆ ಯಾರಾದರೂ ಕೆಲಸ ಕೊಡದೆ ಕಳಿಸುತ್ತಾರಾ? ಇಲ್ಲದಿರಬಹುದು. ಆದರೂ ಬರೆಸಿದೆ. ಸರಿಯಾದದ್ದು ಇವರಿಗೂ ಸಿಗಬೇಕು.

ಜೂನ್ 15, ಭಾನುವಾರ. ಶ್ರೀನಿವಾಸಪುರ

ಅಕ್ಕನ ಮನೆ. ಅಂಗಳದ ತುಂಬ ತೋತಾಪುರಿ, ಬೆಲೆ ಇಲ್ಲ. ಆಂಧ್ರದ ಚಿತ್ತೂರು ಜಿಲ್ಲೆಯವರು ನಮ್ಮ ಕಡೆಯ ತೋತಾಪುರಿಯನ್ನು ಒಳಗೆ ಬಿಡುತ್ತಿಲ್ಲ. ಭಾವನಿಗೆ ಊಟ ಸೇರುತ್ತಿಲ್ಲ.

ಅಕ್ಕನ ಮಗಳು ಹೋಂವರ್ಕ್ ಹಿಡಿದು ಬಂದಳು. "ಚಿಕ್ಕಮ್ಮ, ಟರ್ನ್ ಬ್ಯಾಕ್‌ಗೂ ಸೆಂಡ್ ಬ್ಯಾಕ್‌ಗೂ ಏನು ವ್ಯತ್ಯಾಸ?" ಲಾರಿ ತಾನೇ ಹಿಂತಿರುಗಿದರೆ ಟರ್ನ್ ಬ್ಯಾಕ್, ನಡುದಾರಿಯಲ್ಲಿ ತಡೆದು ತಿರುಗಿಸಿದರೂ ಅದೇ; ತಲುಪಿದ ಮೇಲೆ ವಾಪಸ್ ಕಳಿಸಿದರೆ ಸೆಂಡ್ ಬ್ಯಾಕ್ ಅಂದೆ. ಭಾವ ತಲೆ ಎತ್ತಿ ನೋಡಿದರು. ಏನೂ ಅನ್ನಲಿಲ್ಲ. ಬೇರೆ ಉದಾಹರಣೆ ಸಿಗಲಿಲ್ಲವಾ ನನಗೆ ಅಂತ ಈಗಲೂ ಕೊರೆಯುತ್ತಿದೆ.

ಜೂನ್ 18, ಬುಧವಾರ

ಬೆಳ್ಳೂರಿನ ಹುಡುಗಿ ಅರ್ಜಿ ತೋರಿಸಿದಳು. 'ಐ ಪಾಸ್ಡ್ ಔಟ್ ಇನ್ 2024.' ಕೆಂಪು ಪೆನ್ನು ಎತ್ತಿಕೊಂಡೆ. ಲಂಡನ್ನಿನಲ್ಲಿ ಇದನ್ನು ಓದಿದವರು ಮೂರ್ಛೆ ಹೋದಳು ಅಂದುಕೊಳ್ಳಬಹುದು. ಕೋಲಾರದಲ್ಲಿ, ಬೆಂಗಳೂರಿನಲ್ಲಿ, ಇಡೀ ದೇಶದಲ್ಲಿ ಓದು ಮುಗಿಸಿದಳು ಅಂತಲೇ ಅರ್ಥ. ಅರ್ಜಿ ಓದುವವರೂ ಇಲ್ಲಿಯವರೇ.

ಅಳಿಸಲಿಲ್ಲ. ಪಕ್ಕದಲ್ಲಿ 'ಕಂಪ್ಲೀಟೆಡ್' ಅಂತ ಬರೆದು, ಎರಡರಲ್ಲಿ ಯಾವುದನ್ನಾದರೂ ಇಟ್ಟುಕೋ ಅಂದೆ. ಅವಳು ತನ್ನದನ್ನೇ ಇಟ್ಟುಕೊಂಡಳು. ಸರಿಯೋ ತಪ್ಪೋ ತಿಳಿಯದು.

ಜೂನ್ 20, ಶುಕ್ರವಾರ

ಫ್ರೇಸಲ್ ವರ್ಬ್‌ಗಳ ಅಕಾರಾದಿ ಪಟ್ಟಿ ಕೈಬಿಟ್ಟೆ. ಇನ್ನು ಮೇಲೆ ಬಾಲ ಹಿಡಿದು ಪಾಠ: ಅಪ್‌ಗೆ ಒಂದು ಹಾಳೆ, ಆಫ್‌ಗೆ ಒಂದು, ಔಟ್‌ಗೆ ಒಂದು. ಪ್ರತಿ ಹಾಳೆಯಲ್ಲೂ ಎರಡು ಕಲಂ. 'ಬಿಡು', 'ಹಾಕು', 'ಹೋಗು' ಜೊತೆ ಹೊಂದುವಂಥವು ಎಡಕ್ಕೆ. ಹೊಂದದವು ಬಲಕ್ಕೆ, ವಾಕ್ಯದ ಸಮೇತ.

'ಸ್ವಿಚ್ ಇಟ್ ಆಫ್' ಸರಿ, 'ಸ್ವಿಚ್ ಆಫ್ ಇಟ್' ತಪ್ಪು. ಇಂಥ ಜೋಡಿಗಳಲ್ಲಿ ಇಟ್, ದೆಮ್ ಬಂದರೆ ನಡುವೆಯೇ ಕೂರಬೇಕು. ಇದಕ್ಕೆ ನಮ್ಮಲ್ಲಿ ಜೋಡಿ ಇಲ್ಲ. ಬಾಯಲ್ಲಿ ಹೇಳಿಸಿ ಹೇಳಿಸಿಯೇ ಕೂರಿಸಬೇಕು.

ಸಂಜೆಗೆ ಬಲಗಡೆಯ ಕಲಂ ಎಡಗಡೆಗಿಂತ ಉದ್ದವಾಯಿತು. ಎದೆ ಒಂದು ಕ್ಷಣ ಕುಸಿಯಿತು. ಐಟಿಐ ಹುಡುಗ ಮಾತ್ರ ಖುಷಿಯಿಂದ 'ಲುಕ್ ಅಪ್' ಅನ್ನು ತಾನೇ ಬಲಕ್ಕೆ ಬರೆದು, ಕೆಳಗೆ 'ಲುಕ್ ಆಫ್ಟರ್' ಸೇರಿಸಿದ. ಸೋಮವಾರ ಅಲ್ಲಿಂದಲೇ ಶುರು. 'ಆಫ್ಟರ್' ಅಂದರೆ ಆಮೇಲೆ. ಅದು 'ನೋಡಿಕೋ' ಹೇಗಾಯಿತು ಅಂತ ಕೇಳೇ ಕೇಳುತ್ತಾರೆ. ಉತ್ತರ ಇನ್ನೂ ಸಿಕ್ಕಿಲ್ಲ.