ಮಂಗ ಸತ್ತರೆ ಸುದ್ದಿಯಲ್ಲವೇ?

ನಮ್ಮ ಯಳಂದೂರಿನ ಕಡೆ ಆಡು-ಕುರಿ ಸಾಕುವವರಿಗೆ ಉಣ್ಣೆ ಹೊಸದಲ್ಲ. ಬಕ್ರೀದಿಗೆಂದು ಸಾಕಿದ ಹೋತದ ಕಿವಿಯಿಂದ ಅದನ್ನು ಕೀಳುವುದು ನಮ್ಮ ಮನೆಯಲ್ಲಿ ಮಕ್ಕಳ ಕೆಲಸ.

ಈ ಹುಳುವಿನ ಇನ್ನೊಂದು ಮುಖ ಜಗತ್ತಿಗೆ ಕಂಡದ್ದು 1957ರಲ್ಲಿ. ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು, ಸುತ್ತಲ ಹಳ್ಳಿಗರು ಜ್ವರದಿಂದ ಮಲಗಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಹೊಸ ವೈರಸ್ಸನ್ನು ಪತ್ತೆ ಹಚ್ಚಿದರು. ಅದನ್ನು ಹರಡುತ್ತಿದ್ದುದು ಉಣ್ಣೆ. ಅಮೆರಿಕದಲ್ಲಿ ಉಣ್ಣೆಯಿಂದಲೇ ಹರಡುವ ಲೈಮ್ ಕಾಯಿಲೆಯ ರೋಗಾಣು ಗುರುತಿಗೆ ಸಿಕ್ಕಿದ್ದು ಇದಾದ ಎಷ್ಟೋ ವರ್ಷಗಳ ಮೇಲೆ, 1980ರ ದಶಕದ ಆರಂಭದಲ್ಲಿ.

ಮಲೆನಾಡಿನ ಕಾಯಿಲೆ ನಮಗೇಕೆ ಎನ್ನುವಂತಿಲ್ಲ. 2012ರ ಕೊನೆಯಲ್ಲಿ ನಮ್ಮದೇ ಜಿಲ್ಲೆಯ ಬಂಡೀಪುರದಲ್ಲಿ ಮಂಗಗಳು ಇದರಿಂದ ಸತ್ತವು; ಅವುಗಳ ಕಳೇಬರದ ಕೆಲಸ ಮಾಡಿದವರಿಗೂ ಸೋಂಕು ತಗಲಿತು. ಬಿಳಿಗಿರಿರಂಗನ ಬೆಟ್ಟದ ಕಾಡಂತೂ ನಮ್ಮ ತಾಲೂಕಿನಲ್ಲೇ ಇದೆ.

ಮಂಗ ಸತ್ತೊಡನೆ ಮೈಮೇಲಿನ ಉಣ್ಣೆಗಳು ಉದುರಿ ಸುತ್ತ ಹರಡುತ್ತವೆ. ನಿರ್ದಿಷ್ಟ ಔಷಧಿ ಇಲ್ಲದ ಈ ಕಾಯಿಲೆಯಲ್ಲಿ ಆ ಸಾವೇ ಮೊದಲ ಎಚ್ಚರಿಕೆ. ಅದನ್ನು ಮೊದಲು ಕಾಣುವವರು ಸೋಲಿಗರು, ದನಗಾಹಿಗಳು. ಬಂದು ಹೇಳಿದರೆ, "ಕಾಡಿಗೆ ಯಾಕೆ ಹೋಗಿದ್ದೆ?" ಎಂದು ಗದರಿದರೆ ನಾಳೆ ಅವರೂ ಹೇಳುವುದಿಲ್ಲ.

ಕುರ್‌ಆನ್ ಪ್ರಾಣಿ-ಪಕ್ಷಿಗಳನ್ನೂ ಸಮುದಾಯಗಳೆಂದು ಕರೆಯುತ್ತದೆ. ನೆರೆಯವರ ಮನೆಯಲ್ಲಿ ಸಾವಾದರೆ ವಿಚಾರಿಸದೆ ಇರುತ್ತೇವೆಯೇ?