ಸದ್ದಿಲ್ಲದ ಗಾಯ
ಕೆಲವು ವರ್ಷಗಳ ಹಿಂದೆ ಹಿರಿಯರೊಬ್ಬರಿಗೆ ಅಭ್ಯಂಗ ಸಂಸ್ಕಾರ ನೀಡಲು ಹೋಗಿದ್ದೆ. ಅವರಿಗೆ ಯಕೃತ್ತಿನ ಕ್ಯಾನ್ಸರ್. "ಫಾದರ್, ನಾನು ಹೆಂಡ ಮುಟ್ಟಿದವನಲ್ಲ" ಎಂದು ಕಣ್ಣೀರಿಟ್ಟರು. ಊರವರಂತೆ ನಾನೂ ಶಂಕಿಸಿದ್ದೆನೆಂಬುದು ಇಂದಿಗೂ ನನ್ನನ್ನು ಚುಚ್ಚುತ್ತಿದೆ.

ನಿಜವಾದ ಕಾರಣ ಹೆಪಟೈಟಿಸ್ ಸಿ ವೈರಾಣು. 1990ರ ದಶಕದಲ್ಲಿ ಶಸ್ತ್ರಚಿಕಿತ್ಸೆಯ ವೇಳೆ ಪಡೆದ ರಕ್ತದಿಂದ ಬಂದಿರಬಹುದೆಂದರು ವೈದ್ಯರು. ನಮ್ಮ ದೇಶದಲ್ಲಿ ದಾನದ ರಕ್ತಕ್ಕೆ ಇದರ ಪರೀಕ್ಷೆ ಕಡ್ಡಾಯವಾದದ್ದು 2001ರಲ್ಲಿ. ಎರಡು ಮೂರು ದಶಕ ಸದ್ದಿಲ್ಲದೆ ಯಕೃತ್ತನ್ನು ಗಾಯಗೊಳಿಸಿ ಗಡಸಾಗಿಸುವ ಈ ಸೋಂಕು, ಕೆಲವರಲ್ಲಿ ಕ್ಯಾನ್ಸರಿಗೆ ದಾರಿಯಾಗುತ್ತದೆ.

ಪ್ರಿಯರೇ, ಇಂದು ಸುಮಾರು 12 ವಾರಗಳ ಮಾತ್ರೆಗಳಿಂದ ಬಹುತೇಕರು ಗುಣಹೊಂದುತ್ತಾರೆ. 2018ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಚಿಕಿತ್ಸೆ ಉಚಿತ. ಯಕೃತ್ತು ಆಗಲೇ ಗಡಸಾಗಿದ್ದರೆ, ಗುಣವಾದ ಮೇಲೂ ಆರು ತಿಂಗಳಿಗೊಮ್ಮೆ ಸ್ಕ್ಯಾನಿಂಗ್ ಬೇಕು. 2001ಕ್ಕೆ ಮುಂಚೆ ರಕ್ತ ಪಡೆದವರು ಒಮ್ಮೆ ಪರೀಕ್ಷೆ ಮಾಡಿಸಿಕೊಳ್ಳಲಿ. ರೋಗಿಯ ಮನೆಗೆ ಹೋಗುವ ನಾವು, ತೀರ್ಪನ್ನು ಹೊಸಿಲ ಹೊರಗೇ ಬಿಟ್ಟು ಹೋಗೋಣ.